ಫೋಟೋದಲ್ಲಿ ಅವ್ವನ ಬಣ್ಣ

ನಿಮ್ಮ ಮನೆಯ ಗೋಡೆಯ ಮೇಲೆ ಯಾರ ಫೋಟೋ ಇದೆ?

ದೇವರ ಪಟದ ಹತ್ತಿರ ಹಿರಿಯರ ಫೋಟೋ ಇದ್ದೇ ಇರುತ್ತೆ. ಅಜ್ಜ, ಅಜ್ಜಿ, ಅಪ್ಪ, ಅವ್ವ. ಅದಕ್ಕೆ ಕಟ್ಟು ಹಾಕಿಸಿರ್ತೀವಿ. ಹಬ್ಬ ಬಂದರೆ ಹೂವಿನ ಹಾರ ಹಾಕ್ತೀವಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಕೈ ಮುಗೀತೀವಿ. ಆ ಫೋಟೋವನ್ನು ಒಂದು ಸಲ ಹತ್ತಿರದಿಂದ ನೋಡಿ. ಅದು ನೀವು ಕಂಡ ಮುಖವೇನಾ? ಬಣ್ಣ ಅದೇನಾ?

ಎಷ್ಟೋ ಮನೆಗಳಲ್ಲಿ ಅದಲ್ಲ. ಹೊಲದ ಬಿಸಿಲಲ್ಲಿ ದುಡಿದು ಕಪ್ಪಾಗಿದ್ದ ಅವ್ವ ಫೋಟೋದಲ್ಲಿ ಹಾಲಿನ ಹಾಗೆ ಬೆಳ್ಳಗಿರುತ್ತಾಳೆ. ಕೆನ್ನೆಯ ಸುಕ್ಕು ಇಲ್ಲ. ಗಲ್ಲದ ಮಚ್ಚೆ ಇಲ್ಲ. ಹಣೆಯ ಹಚ್ಚೆಯೂ ಇಲ್ಲ. ಮೊಮ್ಮಕ್ಕಳು ಅದನ್ನೇ ಅಜ್ಜಿ ಅಂತ ತಿಳಿದು ಬೆಳೆಯುತ್ತಾರೆ.

ಇದು ಹೇಗೆ ಆಗುತ್ತೆ? ಸ್ಟುಡಿಯೋದವರು ಏನು ಮಾಡ್ತಾರೆ? ತಿಳಿದುಕೊಳ್ಳೋಣ.

ಸ್ಟುಡಿಯೋದಲ್ಲಿ

ಒಬ್ಬಳು ಮಗಳು ಇದ್ದಾಳೆ ಅಂದುಕೊಳ್ಳಿ. ಅವಳ ಅವ್ವ ತೀರಿಕೊಂಡು ಹತ್ತು ದಿನ ಆಗಿದೆ. ಮನೆಯಲ್ಲಿ ಅವ್ವನ ದೊಡ್ಡ ಫೋಟೋ ಒಂದೂ ಇಲ್ಲ. ಇರುವುದು ಮತದಾರರ ಗುರುತಿನ ಚೀಟಿಯ ಮೇಲಿನ ಸಣ್ಣ ಫೋಟೋ ಮಾತ್ರ. ನಮ್ಮ ದೇಶದಲ್ಲಿ ಈ ಚೀಟಿ ಶುರುವಾದದ್ದು 1993ರಲ್ಲಿ. ಎಷ್ಟೋ ಹೆಂಗಸರು ಮೊದಲ ಸಲ ಕ್ಯಾಮೆರಾ ಮುಂದೆ ಕೂತದ್ದು ಆ ಚೀಟಿಗಾಗಿಯೇ.

ಮಗಳು ಅದನ್ನು ತಗೊಂಡು ಪೇಟೆಯ ಸ್ಟುಡಿಯೋಗೆ ಹೋಗ್ತಾಳೆ. "ದೊಡ್ಡದು ಮಾಡಿ ಕೊಡಿ ಅಣ್ಣಾ" ಅಂತಾಳೆ. ಎರಡು ದಿನ ಬಿಟ್ಟು ಬಂದು ನೋಡಿದರೆ, ಫೋಟೋದಲ್ಲಿ ಬೇರೆ ಯಾರೋ ಇದ್ದಾರೆ!

"ಅಣ್ಣಾ, ನಮ್ಮವ್ವ ಇಷ್ಟು ಬೆಳ್ಳಗೆ ಇರಲಿಲ್ಲ."

"ಚೆನ್ನಾಗಿ ಕಾಣ್ಲಿ ಅಂತ ಮಾಡಿದ್ದೀನಿ ಅಕ್ಕಾ. ಎಲ್ಲರೂ ಹಾಗೇ ಕೇಳ್ತಾರೆ."

"ಹಣೆ ಮೇಲೆ ಹಚ್ಚೆ ಇತ್ತಲ್ಲ?"

"ಹಚ್ಚೆನಾ? ಕಲೆ ಅಂದ್ಕೊಂಡು ತೆಗೆದೆ."

ಅವನು ಕೆಟ್ಟವನಲ್ಲ. ಅವನು ಹೇಳಿದ್ದೂ ಸುಳ್ಳಲ್ಲ. ಬೆಳ್ಳಗೆ ಮಾಡಿ ಅಂತ ಕೇಳುವವರೇ ಹೆಚ್ಚು. ಕೇಳದಿದ್ದರೂ ಮಾಡುವುದು ಅವರಿಗೆ ರೂಢಿಯಾಗಿದೆ. ಆದರೆ ಆ ಮಗಳ ಹತ್ತಿರ ಅವ್ವನ ಇನ್ನೊಂದು ಮುಖ ಇಲ್ಲ. ಈ ಫೋಟೋ ತಪ್ಪಿದರೆ ಅವ್ವನ ಮುಖವೇ ತಪ್ಪಿದ ಹಾಗೆ.

ಪೆನ್ಸಿಲ್ಲಿನಿಂದ ಬಿಳುಪು

ಫೋಟೋ ತಿದ್ದುವುದು ಹೊಸ ವಿದ್ಯೆ ಅಲ್ಲ. ಫೋಟೋ ತೆಗೆಯುವ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಮರುವರ್ಷವೇ ಅದು ಕಲ್ಕತ್ತಾಕ್ಕೆ ಬಂತು. ಮುಂದೆ ನಮ್ಮ ದೇಶದ ಚಿತ್ರಗಾರರು ಕಪ್ಪು ಬಿಳುಪಿನ ಫೋಟೋ ಮೇಲೆ ಕುಂಚದಿಂದ ಬಣ್ಣ ಹಚ್ಚತೊಡಗಿದರು. ಸೀರೆಗೆ ಬಣ್ಣ, ಒಡವೆಗೆ ಬಣ್ಣ, ಮುಖಕ್ಕೂ ಬಣ್ಣ.

ಸ್ಟುಡಿಯೋಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಅದಕ್ಕೆ ಟಚಿಂಗ್ ಅಂತಿದ್ದರು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳೆಯ ಕಾಲದ ಫಿಲ್ಮಿಗೆ ಬೆಳ್ಳಿಯಿಂದ ಮಾಡಿದ ಒಂದು ಲವಣ ಸವರಿರುತ್ತಿತ್ತು. ಬೆಳಕು ಬಿದ್ದ ಜಾಗ, ಔಷಧಿಯಲ್ಲಿ ತೊಳೆದ ಮೇಲೆ, ಕಪ್ಪಾಗುತ್ತಿತ್ತು. ಅಂದರೆ ಫಿಲ್ಮಿನಲ್ಲಿ ಎಲ್ಲವೂ ತಿರುಗಾಮುರುಗಾ. ಬಿಳಿ ಸೀರೆ ಕಪ್ಪು. ಕಪ್ಪು ಕೂದಲು ಬಿಳಿ. ಇದೇ ನೆಗೆಟಿವ್. ಆ ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟರೆ ಮತ್ತೆ ತಿರುಗಿ ಸರಿಯಾಗುತ್ತಿತ್ತು.

ಟಚಿಂಗ್ ಮಾಡುವವರು ಮೊನಚು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆಯೇ ಕೆಲಸ ಮಾಡುತ್ತಿದ್ದರು. ಪೆನ್ಸಿಲ್ ತಾಗಿಸಿದ ಜಾಗದಲ್ಲಿ ಬೆಳಕು ಕಡಿಮೆ ಹಾಯುತ್ತೆ. ಹಾಗಾಗಿ ಕಾಗದದಲ್ಲಿ ಆ ಜಾಗ ಬೆಳ್ಳಗೆ ಬರುತ್ತೆ. ಕಪ್ಪು ಪೆನ್ಸಿಲ್ಲಿನಿಂದ ಬಿಳುಪು! ಸುಕ್ಕಿನ ಗೆರೆ, ಕಣ್ಣ ಕೆಳಗಿನ ಕಪ್ಪು, ಮೊಡವೆಯ ಕಲೆ ಎಲ್ಲವೂ ಹೀಗೆ ಹೋಗುತ್ತಿದ್ದವು. ಕಪ್ಪು ಬೇಕಾದ ಕಡೆ ಸಣ್ಣ ಚಾಕುವಿನಿಂದ ನೆಗೆಟಿವ್ ಕೆರೆಯುತ್ತಿದ್ದರು. ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಕಣ್ಣು ಚುರುಕಿರಬೇಕು, ಕೈ ನಡುಗಬಾರದು. ನಿಜಕ್ಕೂ ದೊಡ್ಡ ಕಸುಬು ಅದು.

ಅವರು ಮುಖ ತಿಳಿ ಮಾಡಿದ್ದಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು. ಬಹಳ ಹಿಂದಿನ ಫಿಲ್ಮು ಮತ್ತು ಗಾಜಿನ ಪ್ಲೇಟುಗಳು ನೀಲಿ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತಿದ್ದವು. ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ. ಹಣೆಯ ಕುಂಕುಮ ಕಪ್ಪು ಬೊಟ್ಟಿನ ಹಾಗೆ ಬರುತ್ತಿತ್ತು. ನಮ್ಮ ಮೈಬಣ್ಣದಲ್ಲಿ ಕೆಂಪು, ಹಳದಿ ಹೆಚ್ಚು. ಹಾಗಾಗಿ ಎಣ್ಣೆಗೆಂಪಿನ ಮುಖವೂ ಇದ್ದಿಲಿನ ಹಾಗೆ ಕಾಣುತ್ತಿತ್ತು. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಲೇಟು ಮಾರಾಟಕ್ಕೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ಟಚಿಂಗ್ ಮಾಡುವವರು ಫಿಲ್ಮಿನ ತಪ್ಪನ್ನೇ ತಿದ್ದುತ್ತಿದ್ದರು ಅನ್ನಬಹುದು. ಆಮೇಲೆ ಫಿಲ್ಮು ಸುಧಾರಿಸಿತು. ತಿದ್ದುವ ಚಾಳಿ ಮಾತ್ರ ಉಳಿಯಿತು.

ಬಿಳಿ ಹೆಂಗಸಿನ ಕಾರ್ಡು

ಬಣ್ಣದ ಫಿಲ್ಮು ಬಂದ ಮೇಲೆ ಇನ್ನೊಂದು ತೊಡಕು. ಅಮೆರಿಕದ ಕೊಡಾಕ್ ಕಂಪನಿ ಫೋಟೋ ತೊಳೆಯುವ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೋ ಇರುತ್ತಿತ್ತು. ಆ ಕಾರ್ಡಿಗೆ ಶರ್ಲಿ ಕಾರ್ಡು ಅಂತ ಹೆಸರು. ಆ ಹೆಂಗಸಿನ ಮೈಬಣ್ಣ ಸರಿಯಾಗಿ ಬಂದರೆ ಮಿಷನ್ನು ಸರಿಯಾಗಿದೆ ಅಂತ ಲೆಕ್ಕ. ಕಪ್ಪು ಬಣ್ಣದವರ ಮುಖ ಹೇಗೆ ಬರುತ್ತೆ ಅಂತ ಯಾರೂ ಅಳೆದು ನೋಡಲಿಲ್ಲ. ಬಿಳಿಯರ ಪಕ್ಕ ಕರಿಯರು ನಿಂತರೆ ಅವರ ಕಣ್ಣು, ಹಲ್ಲು ಮಾತ್ರ ಕಾಣುತ್ತಿತ್ತು.

ಇದು ಸರಿಯಾದದ್ದು ಹೇಗೆ ಗೊತ್ತೇ? ಜನ ಬೇಸರಪಟ್ಟದ್ದಕ್ಕಿಂತ ವ್ಯಾಪಾರಿಗಳು ದೂರಿದ್ದು ಹೆಚ್ಚು ಕೆಲಸ ಮಾಡಿತು. ಚಾಕೊಲೇಟು ಮಾರುವವರು, ಮರದ ಮೇಜು ಕುರ್ಚಿ ಮಾರುವವರು ದೂರು ಕೊಟ್ಟರು. ನಮ್ಮ ಸಾಮಾನಿನ ಕಂದು ಬಣ್ಣ ಫೋಟೋದಲ್ಲಿ ಸರಿಯಾಗಿ ಬರುತ್ತಿಲ್ಲ ಅಂದರು. ಆಗ ಕಂಪನಿಯವರು ಕಂದು ಬಣ್ಣಗಳ ಕಡೆ ಗಮನ ಕೊಟ್ಟರು. ಮೇಜಿನ ಪುಣ್ಯದಿಂದ ಮನುಷ್ಯರಿಗೂ ಒಳ್ಳೆಯದಾಯಿತು! 1990ರ ದಶಕದಲ್ಲಿ ಬೇರೆ ಬೇರೆ ಬಣ್ಣದ ಮೂವರು ಹೆಂಗಸರಿರುವ ಕಾರ್ಡು ಬಂತು. 2021ರಲ್ಲಿ ಗೂಗಲ್ ಕಂಪನಿ ಕಪ್ಪು, ಕಂದು ಮೈಬಣ್ಣ ಇದ್ದ ಹಾಗೇ ಬರಲಿ ಅಂತ ತನ್ನ ಫೋನಿನ ಕ್ಯಾಮೆರಾವನ್ನು ತಿದ್ದಿತು.

ಈಗ ಪೆನ್ಸಿಲ್ಲೂ ಇಲ್ಲ, ನೆಗೆಟಿವ್ವೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲಿ. ಫೋಟೋಶಾಪ್ ಅನ್ನುವ ಕಂಪ್ಯೂಟರ್ ಸಾಧನ 1990ರಲ್ಲಿ ಬಂತು. ಒಂದು ದಿನ ಹಿಡಿಯುತ್ತಿದ್ದ ಕೆಲಸ ಈಗ ಐದು ನಿಮಿಷದ್ದು. ಫೋನಿನಲ್ಲಂತೂ ಯಾರೂ ಹೇಳದೆಯೇ ಮುಖ ನುಣುಪಾಗಿ ಬೆಳ್ಳಗಾಗುತ್ತೆ.

ಬೆಳ್ಳಗೆ ಮಾಡಿದರೆ ನಷ್ಟ ಏನು?

ಫೋಟೋ ತಾನೇ, ಚೆಂದ ಕಂಡರೆ ತಪ್ಪೇನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಪೇಪರಿನಲ್ಲಿ ಪೊಲೀಸರ ಪ್ರಕಟಣೆ ನೋಡಿದ್ದೀರಾ? ಈಗ ನಿಮಗೆ ಓದಲು ಬರುತ್ತೆ, ಒಮ್ಮೆ ಓದಿ ನೋಡಿ. 'ಕಾಣೆಯಾಗಿದ್ದಾರೆ' ಅಂತ ಇರುತ್ತೆ. ಕೆಳಗೆ ಚಹರೆ ಬರೆದಿರುತ್ತಾರೆ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈಯಲ್ಲಿ ಹಚ್ಚೆ. ಪಕ್ಕದಲ್ಲಿ ಒಂದು ಫೋಟೋ. ಮನೆಯವರು ಕೊಟ್ಟದ್ದು ಮದುವೆಗೆ ತೆಗೆಸಿದ, ಬೆಳ್ಳಗೆ ಮಾಡಿದ ಫೋಟೋ ಆಗಿದ್ದರೆ? ಬರೆದದ್ದು ಒಂದು, ಕಾಣುವುದು ಇನ್ನೊಂದು. ಬಸ್ ಸ್ಟ್ಯಾಂಡಿನಲ್ಲಿ ಆ ಅಜ್ಜಿ ಎದುರಿಗೇ ಕೂತಿದ್ದರೂ ನೋಡಿದವರಿಗೆ ಗುರುತು ಹತ್ತುವುದಿಲ್ಲ.

ಮದುವೆಯ ವಿಷಯ ಇನ್ನೂ ಸೂಕ್ಷ್ಮ. ಹುಡುಗಿಯ ಫೋಟೋ ಬೆಳ್ಳಗೆ ಮಾಡಿ ಗಂಡಿನ ಕಡೆಗೆ ಕಳಿಸುತ್ತಾರೆ. ಅವರು ನೋಡಲು ಬಂದು "ಫೋಟೋದಲ್ಲಿ ಹೀಗಿರಲಿಲ್ಲವಲ್ಲ" ಅಂತಾರೆ. ತಪ್ಪು ಮಾಡಿದ್ದು ದೊಡ್ಡವರು. ತಲೆ ತಗ್ಗಿಸುವವಳು ಹುಡುಗಿ. ನಮ್ಮನ್ನು ಕೇಳಿದರೆ ಆ ಫೋಟೋ ಕಳಿಸುವುದಕ್ಕಿಂತ ಕಳಿಸದಿರುವುದೇ ಮೇಲು.

ಮೈಬಣ್ಣ ಅನ್ನುವುದು ಚರ್ಮದಲ್ಲಿರುವ ಮೆಲನಿನ್ ಎಂಬ ವಸ್ತುವಿನಿಂದ ಬರುತ್ತೆ. ಅದು ಹೆಚ್ಚಿದ್ದರೆ ಕಪ್ಪು, ಕಡಿಮೆ ಇದ್ದರೆ ಬಿಳುಪು. ಉರಿ ಬಿಸಿಲಿನಿಂದ ಚರ್ಮವನ್ನು ಕಾಯುವುದು ಅದೇ. ಕೊಡೆ ಇದ್ದ ಹಾಗೆ ಅನ್ನಿ. ಆದರೂ ಬಿಳುಪೇ ಚೆಂದ ಅನ್ನುವ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಕ್ರೀಮು ಬಂತು. ಫೇರ್ ಅಂದರೆ ಬಿಳುಪು. ಜನರ ಆಕ್ಷೇಪಣೆ ಹೆಚ್ಚಿ 2020ರಲ್ಲಿ ಕಂಪನಿ ಆ ಪದ ಕೈಬಿಟ್ಟು 'ಗ್ಲೋ ಅಂಡ್ ಲವ್ಲಿ' ಅಂತ ಹೆಸರು ಬದಲಿಸಿತು. ಡಬ್ಬಿಯ ಮೇಲಿನ ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ, ಆ ಮಾತು ಬೇರೆ.

ಯಾವುದನ್ನು ತೆಗೆಸಬೇಕು, ಯಾವುದನ್ನು ಉಳಿಸಬೇಕು

ತಿದ್ದುವುದೇ ತಪ್ಪು ಅಂತ ನಾವು ಹೇಳುವುದಿಲ್ಲ. ಹಳೆಯ ಫೋಟೋ ಮಡಚಿ ಗೆರೆ ಬಿದ್ದಿರುತ್ತೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿರುತ್ತೆ. ಚೀಟಿಯ ಮೊಹರು ಕೆನ್ನೆಯ ಮೇಲೆ ಬಿದ್ದಿರುತ್ತೆ. ಅವೆಲ್ಲ ಕಾಗದದ ಕಲೆಗಳು. ತೆಗೆಸಿ. ಮಚ್ಚೆ, ಹಚ್ಚೆ, ಸುಕ್ಕು, ಗಾಯದ ಗುರುತು ಇವು ಮನುಷ್ಯರ ಗುರುತು. ಉಳಿಸಿ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಸ್ಟುಡಿಯೋದವರಿಗೆ ಹೇಗೆ ಗೊತ್ತಾಗಬೇಕು? ಅವರು ನಿಮ್ಮ ಅವ್ವನನ್ನು ಕಂಡವರಲ್ಲ.

ಬೆಳಕು ಬೇರೆ, ಬಿಳುಪು ಬೇರೆ. ಇದನ್ನು ಮುಖ್ಯವಾಗಿ ನೆನಪಿಡಿ. ಫೋಟೋ ಮಸುಕಾಗಿ ಕತ್ತಲಾಗಿದ್ದರೆ ಪೂರ್ತಿ ಫೋಟೋಗೆ ಬೆಳಕು ಹೆಚ್ಚಿಸಬಹುದು. ಆಗ ಮುಖ, ಕತ್ತು, ಕೈ, ಸೀರೆ ಎಲ್ಲವೂ ಒಟ್ಟಿಗೆ ತಿಳಿಯಾಗುತ್ತವೆ. ಮುಖಕ್ಕೆ ಮಾತ್ರ ಬಿಳುಪು ಹಚ್ಚಿದರೆ ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣ. ಬೇರೆಯವರ ಮುಖ ತಂದು ಅಂಟಿಸಿದ ಹಾಗಿರುತ್ತೆ. ಫೋಟೋ ಕೈಗೆ ಬಂದಾಗ ಮೊದಲು ಕತ್ತು ನೋಡಿ, ಕೈ ನೋಡಿ. ಅಂಗಡಿಯ ದೀಪದ ಕೆಳಗೆ ನೋಡಿದರೆ ಸಾಲದು. ಹೊರಗೆ ಹಗಲ ಬೆಳಕಿಗೆ ತಂದು ನೋಡಿ.

"ಕಪ್ಪಗಿದ್ದರು" ಅಂತ ಅಷ್ಟೇ ಹೇಳಿದರೂ ಸಾಲದು. ನಮ್ಮ ಭಾಷೆಯಲ್ಲಿ ಬಣ್ಣಕ್ಕೆ ಎಷ್ಟೊಂದು ಮಾತಿದೆ! ಎಣ್ಣೆಗಪ್ಪು, ಎಣ್ಣೆಗೆಂಪು, ನಸುಗಪ್ಪು, ಗೋಧಿ ಬಣ್ಣ. ಅದರಲ್ಲಿ ಯಾವುದು ಅಂತ ಹೇಳಿ. ಅಥವಾ ಅವ್ವನ ಬಣ್ಣವನ್ನೇ ಹೋಲುವ ತಂಗಿಯನ್ನೋ ಚಿಕ್ಕಮ್ಮನನ್ನೋ ಸ್ಟುಡಿಯೋಗೆ ಕರಕೊಂಡು ಹೋಗಿ. "ಈ ಬಣ್ಣ ಬರಲಿ ಅಣ್ಣಾ" ಅಂದರೆ ಮುಗಿಯಿತು. ಕಂಪ್ಯೂಟರಿನಲ್ಲಿ ಇರುವಾಗಲೇ ನೋಡಿ ಒಪ್ಪಿಗೆ ಕೊಡಿ. ಅಚ್ಚು ಹಾಕಿದ ಮೇಲೆ ತಿದ್ದಿಸಿದರೆ ಮತ್ತೆ ದುಡ್ಡು.

ಹಳೆಯ ಫೋಟೋವನ್ನು ಮಾತ್ರ ಮರೆಯದೆ ವಾಪಸ್ ತಗೊಳ್ಳಿ. ಅದರ ಮೇಲೆ ಯಾರೂ ಬಣ್ಣ ಹಚ್ಚಬಾರದು, ಕತ್ತರಿಸಬಾರದು. ತಿದ್ದುವುದೆಲ್ಲ ನಕಲಿನ ಮೇಲೆ.

ನೀವೇ ತೆಗೆಯುವುದಾದರೆ

ಈಗ ಮನೆಯಲ್ಲಿ ಯಾರ ಹತ್ತಿರವಾದರೂ ಫೋನು ಇರುತ್ತೆ. ಹಿರಿಯರು ಗಟ್ಟಿಯಾಗಿ ಇರುವಾಗಲೇ ಒಂದು ಒಳ್ಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅಪಶಕುನ ಅನ್ನಬೇಡಿ. ಉಸಿರು ಹೋದ ಮೇಲೆ ಫೋಟೋ ತೆಗೆಸಿ, ಸ್ಟುಡಿಯೋದಲ್ಲಿ ಕಣ್ಣು ತೆರೆದ ಹಾಗೆ ಬರೆಸುವುದನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತೆ.

ಕ್ಯಾಮೆರಾಗೆ ಒಂದು ಗುಣ ಇದೆ. ಅದು ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯುತ್ತೆ. ಎಮ್ಮೆಯ ಹತ್ತಿರ ಹೋಗಿ ಬರೀ ಮೈ ಕಾಣುವ ಹಾಗೆ ಫೋಟೋ ತೆಗೆಯಿರಿ. ಕಪ್ಪು ಎಮ್ಮೆ ಬೂದಾಗಿ ಬರುತ್ತೆ. ಬಿಳಿ ಎತ್ತಿನದು ತೆಗೆಯಿರಿ. ಅದೂ ಮಂಕಾಗಿ ಬೂದಾಗುತ್ತೆ. ಅದೇ ರೀತಿ ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಬಣ್ಣದವರನ್ನು ನಿಲ್ಲಿಸಿದರೆ, ಕ್ಯಾಮೆರಾ ಗೋಡೆ ನೋಡಿ ಬೆಳಕು ಇಳಿಸುತ್ತೆ. ಮುಖ ಇನ್ನಷ್ಟು ಕಪ್ಪಾಗುತ್ತೆ. ತೆರೆದ ಬಾಗಿಲು ಬೆನ್ನ ಹಿಂದೆ ಇದ್ದರೂ ಹೀಗೇ. ತಪ್ಪು ಗೋಡೆಯದು. ಬೈಗಳು ಮುಖಕ್ಕೆ.

ಅದಕ್ಕೆ ಜಗುಲಿಯ ನೆರಳಲ್ಲಿ, ಅಂಗಳದ ಕಡೆ ಮುಖ ಮಾಡಿ ಕೂರಿಸಿ. ಹಿಂದೆ ಮಣ್ಣಿನ ಗೋಡೆಯೋ ಮರದ ಬಾಗಿಲೋ ಇರಲಿ. ನಡು ಮಧ್ಯಾಹ್ನದ ಬಿಸಿಲು ಬೇಡ, ಕಣ್ಣ ಕೆಳಗೆ ನೆರಳು ಬೀಳುತ್ತೆ. ಫ್ಲ್ಯಾಶ್ ಹಾಕಬೇಡಿ, ಹಣೆ ಮಿಂಚುತ್ತೆ. ಫೋನಿನಲ್ಲಿ ಬ್ಯೂಟಿ ಅಥವಾ ಫಿಲ್ಟರ್ ಅಂತ ಇದ್ದರೆ ಅದನ್ನು ಆರಿಸಿ. ಗೊತ್ತಾಗದಿದ್ದರೆ ಮಕ್ಕಳನ್ನು ಕೇಳಿ, ಅವರಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಆಮೇಲೆ ಪರದೆಯಲ್ಲಿ ಕಾಣುವ ಮುಖದ ಮೇಲೆ ಒಮ್ಮೆ ಬೆರಳು ಮುಟ್ಟಿಸಿ. ಮುಖಕ್ಕೆ ಬೇಕಾದಷ್ಟು ಬೆಳಕನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುತ್ತೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಹೆಸರಾಂತ ಛಾಯಾಗ್ರಾಹಕರು. ಸಾಮಾನ್ಯ ಜನರ, ಮಕ್ಕಳ ಫೋಟೋಗಳನ್ನು ತೆಗೆದೇ ಅವರು ದೇಶ ವಿದೇಶಗಳಲ್ಲಿ ಹೆಸರು ಮಾಡಿದರು. ಎಲ್ಲಾದರೂ ಅವರ ಫೋಟೋಗಳ ಪುಸ್ತಕ ಸಿಕ್ಕರೆ ಬಿಡಿಸಿ ನೋಡಿ. ಅಲ್ಲಿರುವವರು ನಮ್ಮ ನಿಮ್ಮಂಥವರೇ.

ಫೋಟೋದ ಹಿಂದೆ

ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಸ್ವಲ್ಪ ಸಂದು ಬಿಡಿಸಿ. ಇಲ್ಲದಿದ್ದರೆ ತೇವಕ್ಕೆ ಅಂಟಿಕೊಂಡು, ತೆಗೆಯುವಾಗ ಮುಖವೇ ಕಿತ್ತು ಬರುತ್ತೆ. ಬಿಸಿಲು ಬೀಳುವ ಗೋಡೆಗೆ ನೇತು ಹಾಕಬೇಡಿ, ಬಣ್ಣ ಹಾರುತ್ತೆ. ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ. ನೀರು ಚಿಮುಕಿಸಿದರೆ ಕಟ್ಟಿನ ಸಂದಿಯಿಂದ ಒಳಗೆ ಇಳಿಯುತ್ತೆ.

ಕಟ್ಟು ಹಾಕಿಸುವ ಮೊದಲು ಫೋಟೋದ ಹಿಂಬದಿಯಲ್ಲಿ ನೀವೇ ಬರೆಯಿರಿ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅದರ ಗೆರೆ ಮುಂದಕ್ಕೆ ಮೂಡುತ್ತೆ. ಈಗಿನ ನುಣುಪು ಕಾಗದದ ಮೇಲೆ ಪೆನ್ಸಿಲ್ ಹತ್ತದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಕಟ್ಟಿನ ಹಿಂದೆ ಸೇರಿಸಿ. ಅವರ ಹೆಸರು. ಹುಟ್ಟಿದ ಊರು, ಕೊಟ್ಟ ಊರು. ಫೋಟೋ ತೆಗೆದ ವರ್ಷ. ಆಮೇಲೆ ಇನ್ನೊಂದು ಸಾಲು: ಎಣ್ಣೆಗೆಂಪು ಬಣ್ಣ, ಹಣೆಯಲ್ಲಿ ಹಚ್ಚೆ, ಎಡಗೆನ್ನೆಯಲ್ಲಿ ಮಚ್ಚೆ.