ಮಾತಿನ ಬೆಲೆ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಮೂರು ವರ್ಷ ತುಂಬಿದ ಮಗು ಇನ್ನೂ ‘ಅಮ್ಮ’ ಎನ್ನದ ಮನೆಯಲ್ಲಿ ಆ ಗಾದೆಯನ್ನು ಯಾರೂ ಆಡಲಾರರು. ನಮ್ಮ ಮನೆ ಅಂಥದು. “ಬರುತ್ತೆ ಬಿಡೋ, ನೀನೂ ಮೂರು ತುಂಬಿದ ಮೇಲೇ ಮಾತಾಡಿದ್ದು” ಎಂದು ಊರಿನಿಂದ ಬಂದಿದ್ದ ಅಮ್ಮ ಸಮಾಧಾನ ಹೇಳಿದರು. ಅದನ್ನೇ ನಂಬಿ ಒಂದು ವರ್ಷ ಕಳೆದೆವು. ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ಬೇಕಾದುದನ್ನು ಬೆರಳಿನಿಂದ ತೋರಿಸದೆ ನಮ್ಮ ಕೈಯನ್ನೇ ಹಿಡಿದೆಳೆಯುವ ಮಗನನ್ನು ಕಡೆಗೆ ಇಲ್ಲಿಯ ಮುಂಬಯಿಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ಇದು ಆಟಿಸಂ, ಸ್ಪೀಚ್ ಥೆರಪಿಯನ್ನು ತಡಮಾಡದೆ ಆರಂಭಿಸಿ ಎಂದರು. ಆ ಕಳೆದ ವರ್ಷವನ್ನು ನೆನೆದಾಗೆಲ್ಲ ನಮಗೆ ಇಂದಿಗೂ ನೋವಾಗುತ್ತದೆ.

ಮನೆಗೆ ಹತ್ತಿರದ ಖಾಸಗಿ ಕೇಂದ್ರದಲ್ಲಿ ಒಂದು ಸಲಕ್ಕೆ 800 ರೂಪಾಯಿ. ವಾರಕ್ಕೆ ಮೂರು ಸಲ. ತಿಂಗಳಿಗೆ 9,600 ರೂಪಾಯಿ ಆಯಿತು. ಬಾಡಿಗೆ, ರೈಲಿನ ಪಾಸು, ದಿನಸಿ ಕಳೆದು ಗುಮಾಸ್ತೆಯ ಸಂಬಳದಲ್ಲಿ ಅಷ್ಟು ಉಳಿಯುವುದೆಲ್ಲಿ? ಮೂರನೆಯ ತಿಂಗಳಿಗೆ ಮನೆಯಾಕೆಯ ಬಳೆಗಳು ಅಡವಿಗೆ ಹೋದವು. ಆಗಲೇ ನಮಗೆ ಬುದ್ಧಿ ಬಂದುದು. ಹತ್ತು ವರ್ಷ ಕಚೇರಿಯಲ್ಲಿ ಕುಳಿತು “ಇನ್ನೊಂದು ಪ್ರತಿ ತನ್ನಿ” ಎಂದು ಜನರಿಗೆ ಹೇಳಿದ ನಾವು, ನಮ್ಮ ಮಗನಿಗೆ ಬೇಕಾದ ಕಾಗದ ಯಾವುದೆಂದು ವಿಚಾರಿಸಿಯೇ ಇರಲಿಲ್ಲ.

ಮೊದಲನೆಯದು ಅಂಗವೈಕಲ್ಯ ಪ್ರಮಾಣಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಸರಕಾರಿ ಆಸ್ಪತ್ರೆಯವರು ಪರೀಕ್ಷಿಸಿ ಶೇಕಡಾಂಶ ಬರೆದುಕೊಡುತ್ತಾರೆ; ಹೆಚ್ಚಿನ ಸವಲತ್ತುಗಳಿಗೆ ಶೇಕಡ 40 ಇರಬೇಕು. “ಮಗನ ಹಣೆಗೆ ಚೀಟಿ ಅಂಟಿಸುವಿರಾ?” ಎಂದು ಬಂಧುಗಳೊಬ್ಬರು ಕೇಳಿದರು. ಚೀಟಿಯಿಲ್ಲದಿದ್ದರೆ ಮಗು ಮಾತಾಡುವುದಾಗಿದ್ದರೆ ನಾವೂ ಅಂಟಿಸುತ್ತಿರಲಿಲ್ಲ.

ಎರಡನೆಯದು ನಿರಾಮಯ ವಿಮೆ. 1999ರ ಕಾಯಿದೆಯಂತೆ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಇದನ್ನು ನಡೆಸುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ. ಥೆರಪಿಗೆ ಅದರೊಳಗೇ ಬೇರೆ ಮಿತಿ ಉಂಟು. ಮೊದಲು ನಾವೇ ಹಣ ತೆತ್ತು, ರಸೀದಿ ಒಪ್ಪಿಸಿ ಪಡೆಯತಕ್ಕದ್ದು. ಆದುದರಿಂದ ಒಂದು ರಸೀದಿಯನ್ನೂ ಎಸೆಯಬಾರದು.

ಮೂರನೆಯದು ತೆರಿಗೆ. ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಇಂಥ ಮಗುವಿನ ಪೋಷಣೆಗಾಗಿ ತೆರಿಗೆಯ ಆದಾಯದಲ್ಲಿ 75,000 ರೂಪಾಯಿ, ವೈಕಲ್ಯ ಶೇಕಡ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ದೊರೆಯುತ್ತದೆ. ಕೇಂದ್ರ ಸರಕಾರಿ ನೌಕರರಿಗೆ ಮಕ್ಕಳ ಶಿಕ್ಷಣ ಭತ್ಯೆಯೂ ಇಮ್ಮಡಿ.

ಇನ್ನು ಚಿಕಿತ್ಸೆಯ ಸ್ಥಳ. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರಗಳೂ ಹಲವೆಡೆ ಉಂಟು. ಸರದಿ ಉದ್ದವಿರುತ್ತದೆ, ನಿಜ. ಆದುದರಿಂದಲೇ ಇಂದೇ ಹೆಸರು ಬರೆಸಬೇಕು. ಖಾಸಗಿಯವರಲ್ಲಿಗೆ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ ನೋಡಬೇಕು. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಇಷ್ಟರಲ್ಲಿ ನಾವು ಮಾಡಿದ ಇನ್ನೊಂದು ತಪ್ಪನ್ನು ಹೇಳಲೇಬೇಕು. “ಎರಡು ಭಾಷೆಯಿಂದ ಮಗು ಗೊಂದಲಪಡುತ್ತದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷನ್ನೇ ಆಡಿ” ಎಂದು ಆ ಖಾಸಗಿ ಕೇಂದ್ರದಲ್ಲಿ ಹೇಳಿದರು. ಆರು ತಿಂಗಳು ಹಾಗೆಯೇ ಮಾಡಿದೆವು. ನಮ್ಮ ಅರೆಬರೆ ಇಂಗ್ಲಿಷಿನಲ್ಲಿ ಮಗನನ್ನು ಗದರುವುದು ಸಾಧ್ಯವಾಯಿತೇ ಹೊರತು ಮುದ್ದಿಸುವುದು ಸಾಧ್ಯವಾಗಲಿಲ್ಲ. ಊರಿನಿಂದ ಫೋನು ಮಾಡಿದ ಅಜ್ಜಿಗೆ ಮೊಮ್ಮಗನೊಡನೆ ಆಡಲು ಮಾತೇ ಉಳಿಯಲಿಲ್ಲ. ಮುಂದೆ ಸರಕಾರಿ ಸಂಸ್ಥೆಯೊಂದರ ಥೆರಪಿಸ್ಟ್ ಒಬ್ಬರು, “ಮಗುವನ್ನು ಎತ್ತಿಕೊಂಡಾಗ ನಿಮ್ಮ ಬಾಯಿಗೆ ತಾನಾಗಿ ಬರುವ ಭಾಷೆ ಯಾವುದು?” ಎಂದು ಕೇಳಿದರು. ಕನ್ನಡ ಎಂದೆವು. “ಹಾಗಾದರೆ ಅದನ್ನೇ ಆಡಿ” ಎಂದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಈಚಿನ ಅಧ್ಯಯನಗಳು ತೋರಿಸಿವೆ. ಹೊರನಾಡ ಕನ್ನಡಿಗರು ಇದನ್ನು ಗಟ್ಟಿಯಾಗಿ ತಿಳಿದಿರಬೇಕು.

ಥೆರಪಿ ವಾರಕ್ಕೆ ಮೂರು ಗಳಿಗೆ, ಮನೆ ದಿನವಿಡೀ. ಲೋಟವನ್ನು ತುಸು ಎತ್ತರದಲ್ಲಿಟ್ಟು ಮಗು ಕೇಳುವವರೆಗೆ ಕಾಯುವುದು, ‘ನೀರು ಬೇಕಾ? ನೀರು’ ಎಂದು ನಿಧಾನವಾಗಿ ಹೇಳುವುದು, ಚಿತ್ರದ ಚೀಟಿ ತೋರಿಸುವುದು, ಇವೇ ಪಾಠಗಳು. ಚಿತ್ರದ ಅಭ್ಯಾಸ ಮಾತನ್ನು ತಡೆಯುವುದಿಲ್ಲ. ಎಲ್ಲ ಮಕ್ಕಳೂ ಬಾಯಿಂದಲೇ ಮಾತಾಡಲಿಕ್ಕಿಲ್ಲ. ಬೇಕಾದುದನ್ನು ತಿಳಿಸಬಲ್ಲ ಮಗು ಮಾತಾಡಿದಂತೆಯೇ ಸರಿ.

ನಮ್ಮ ಸಂಘದಲ್ಲಿ ಗಣೇಶೋತ್ಸವಕ್ಕೆ ಸ್ವಯಂಸೇವಕರಿದ್ದಾರೆ. ಅರ್ಜಿ ತುಂಬಿಕೊಡಲು, ಸರದಿಯಲ್ಲಿ ಜೊತೆಗೆ ನಿಲ್ಲಲು ನಾಲ್ವರಾದರೂ ಮುಂದೆ ಬಂದರೆ ಎಷ್ಟೋ ಮನೆಗಳ ಬಳೆ ಉಳಿದೀತು. ಮೊದಲನೆಯ ಹೆಸರು ನಮ್ಮದೇ ಇರಲಿ.

ಮೊನ್ನೆ ಊಟದ ಹೊತ್ತಿನಲ್ಲಿ ಮಗ ಲೋಟದತ್ತ ನೋಡಿ ‘ನೀ’ ಎಂದ. ಪೂರ್ತಿ ಮಾತಲ್ಲ, ಅರ್ಧ ಮಾತು. ಮನೆಯಾಕೆ ಲೋಟ ತುಂಬಿ ಕೊಟ್ಟಳು. ಆಮೇಲೆ ಒಳಗೆ ಹೋಗಿ ಅಮ್ಮನಿಗೆ ಫೋನು ಮಾಡಿದಳು.