ಪಂದ್ಯದ ಪಥದಲ್ಲಿ ಕುದಿಯುವ ಎಂಜಿನು

ಜಪಾನಿನ ಹಿರೋಷಿಮಾದ ಮಾಜ್ದಾ ಸಂಸ್ಥೆಯು 1989ರ ಫೆಬ್ರವರಿಯಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ಮೋಟಾರು ಪ್ರದರ್ಶನದಲ್ಲಿ, ಎರಡೇ ಆಸನಗಳುಳ್ಳ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ಜನರ ಮುಂದಿಟ್ಟಿತು. ಎಂಎಕ್ಸ್-5 ಎಂಬುದು ಅದರ ಹೆಸರು. ಅಮೆರಿಕದವರು ಅದನ್ನು ಮಿಯಾಟಾ ಎಂದು ಕರೆದರು. 2016ರ ವೇಳೆಗೆ ಈ ಹೆಸರಿನ ಹತ್ತು ಲಕ್ಷ ಗಾಡಿಗಳು ತಯಾರಾಗಿದ್ದವು. ಬೆಲೆ ಮಿತವಾದದ್ದು, ತೂಕ ಕಡಮೆ, ತಿರುವುಗಳಲ್ಲಿ ಚುರುಕು. ಆದುದರಿಂದ ವಾರವೆಲ್ಲ ಕಚೇರಿಗೆ ಹೋಗಿಬರಲು ಬಳಸಿದ ಗಾಡಿಯನ್ನೇ ರಜೆಯ ದಿನ ಪಂದ್ಯದ ಪಥಕ್ಕೆ ಒಯ್ದು ಓಡಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಇವರಲ್ಲಿ ಕೆಲವರಿಗೆ ಒದಗುವ ಕಷ್ಟ ವಿಚಿತ್ರವಾದದ್ದು. ರಸ್ತೆಯ ಮೇಲೆ ವರ್ಷಗಟ್ಟಲೆ ಯಾವ ತಕರಾರನ್ನೂ ಮಾಡದ ಎಂಜಿನು, ಪಥದಲ್ಲಿ ಹತ್ತು ಹದಿನೈದು ನಿಮಿಷ ಓಡುವಷ್ಟರಲ್ಲಿ ಕುದಿಯತೊಡಗುತ್ತದೆ. ರೇಡಿಯೇಟರು ಸಾಲದೆಂದು ಬಗೆದು ದೊಡ್ಡದನ್ನು ತಂದು ಕೂಡಿಸುತ್ತಾರೆ. ಕೆಲವರಿಗೆ ಗುಣ ಕಾಣುತ್ತದೆ. ಉಳಿದವರಿಗೆ ಹಣ ಹೋದುದಷ್ಟೇ ಲಾಭ.

ಇದರ ಕಾರಣವನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಶಾಖದ ಲೆಕ್ಕಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸಾಗುತ್ತಿರುವ ಇಂಥ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ಅದರ ತೂಕ ಸುಮಾರು ಒಂದು ಸಾವಿರ ಕಿಲೋಗ್ರಾಂ. ಗಾಳಿಯ ಅಡ್ಡಿಯನ್ನೂ ಚಕ್ರಗಳ ಉರುಳುವಿಕೆಯ ಅಡ್ಡಿಯನ್ನೂ ಕೂಡಿಸಿ ನೋಡಿದರೆ, ಈ ವೇಗವನ್ನು ಕಾಯ್ದುಕೊಳ್ಳಲು ಏಳೆಂಟು ಕಿಲೋವಾಟು ಸಾಮರ್ಥ್ಯ ಸಾಕು. ಆದರೆ ಅಮೆರಿಕದಲ್ಲಿ ಮಾರಿದ ಮೊದಲ 1.6 ಲೀಟರಿನ ಎಂಜಿನಿಗೆ 116 ಅಶ್ವಸಾಮರ್ಥ್ಯ, ಎಂದರೆ ಸುಮಾರು 86 ಕಿಲೋವಾಟು, ಕೊಡುವ ಶಕ್ತಿಯುಂಟು. ರಸ್ತೆಯಲ್ಲಿ ನಾವು ಎಂಜಿನಿನಿಂದ ಅದರ ಹತ್ತನೆಯ ಒಂದು ಪಾಲನ್ನೂ ಕೇಳುವುದಿಲ್ಲ. ಪಥದಲ್ಲಾದರೋ ತಿರುವಿನಲ್ಲಿ ಬ್ರೇಕು ಹಾಕುವ ಕ್ಷಣಗಳನ್ನು ಬಿಟ್ಟರೆ ಚಾಲಕನ ಪಾದ ವೇಗವರ್ಧಕದ ಮೇಲೆ ಪೂರ್ಣವಾಗಿ ಒತ್ತಿರುತ್ತದೆ. ಸರಾಸರಿಯಲ್ಲಿ 50 ಕಿಲೋವಾಟು ಎನ್ನೋಣ.

ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಕೆಲಸವಾಗಿ ಚಕ್ರಗಳನ್ನು ಮುಟ್ಟುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಕ್ಕೆ ಹೋಗುತ್ತದೆ. ಮಿಕ್ಕ ಪಾಲಿನ ಬಹುಭಾಗವು ಎಂಜಿನನ್ನು ಸುತ್ತುವರಿದ ನೀರಿಗೆ ಸೇರುತ್ತದೆ. ಚಕ್ರಕ್ಕೆ 50 ಕಿಲೋವಾಟು ಕೊಡುವಾಗ ನೀರಿಗೂ ಹೆಚ್ಚುಕಡಮೆ ಅಷ್ಟೇ ಶಾಖ ಬೀಳುವುದೆಂದಾಯಿತು. ಒಂದೊಂದು ಕಿಲೋವಾಟಿನ ಐವತ್ತು ವಿದ್ಯುತ್ ಒಲೆಗಳನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ತುಂಬಿ, ಆ ಪೆಟ್ಟಿಗೆಯನ್ನು ಆರು ಲೀಟರು ನೀರಿನಿಂದ ತಂಪಾಗಿಡಬೇಕೆಂದು ಹೇಳಿದಂತೆ ಇದು.

ಈ ಕೆಲಸವನ್ನು ನೀರು ಅಚ್ಚರಿಪಡುವಷ್ಟು ಸುಲಭವಾಗಿ ಮಾಡುತ್ತದೆ. ಪಂಪು ಸೆಕೆಂಡಿಗೆ ಒಂದೂವರೆ ಲೀಟರು ನೀರನ್ನು ಸುತ್ತಿಸುತ್ತಿದೆ ಎಂದು ಇಟ್ಟುಕೊಳ್ಳೋಣ. ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 4.18 ಕಿಲೋಜೂಲು. 50ನ್ನು 1.5 ಮತ್ತು 4.18ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 8 ಬರುತ್ತದೆ. ಎಂಜಿನನ್ನು ಹೊಕ್ಕ ನೀರು ಹೊರಬೀಳುವಾಗ ಎಂಟೇ ಡಿಗ್ರಿ ಹೆಚ್ಚು ಕಾದಿರುತ್ತದೆ! ಹಾಗಾದರೆ ಕುದಿತವೆಲ್ಲಿಂದ ಬಂತು?

ಲೆಕ್ಕದಲ್ಲಿ ನಾವು ಕಂಡದ್ದು ಸರಾಸರಿಯನ್ನು. ಲೋಹಕ್ಕೆ ಮುಖ್ಯವಾದದ್ದು ಸ್ಥಳಸ್ಥಳದ ಉಷ್ಣತೆ. ದೋಸೆಯ ಕಾವಲಿ ಕಾದಿದೆಯೇ ಎಂದು ನೋಡಲು ಮನೆಯಲ್ಲಿ ಅದರ ಮೇಲೆ ನೀರು ಚಿಮುಕಿಸುವುದನ್ನು ವಾಚಕರೆಲ್ಲರೂ ಕಂಡಿದ್ದಾರೆ. ಕಾವು ಸಾಧಾರಣವಾಗಿದ್ದರೆ ಹನಿ ಚುರ್ ಎಂದು ಆವಿಯಾಗಿ ಹೋಗುತ್ತದೆ. ಕಾವು ಮಿತಿಮೀರಿದ್ದರೆ ಹನಿಯು ಆರದೆ ಮಣಿಯಂತೆ ಉರುಳಾಡುತ್ತದೆ. ಅದಕ್ಕೂ ಲೋಹಕ್ಕೂ ನಡುವೆ ಆವಿಯ ತೆಳುಪೊರೆಯೊಂದು ಹುಟ್ಟಿ ಶಾಖವನ್ನು ತಡೆಯುವುದೇ ಇದರ ಕಾರಣ. ಸಿಲಿಂಡರಿನ ಹೆಡ್ಡಿನೊಳಗೂ ಇದೇ ಕತೆ. ಹೊಗೆಯ ಕವಾಟಗಳ ಸುತ್ತಣ ಗೋಡೆಯ ಮೇಲೆ ಸಣ್ಣ ಗುಳ್ಳೆಗಳೆದ್ದು ಹರಿವ ನೀರಿನಲ್ಲಿ ಕರಗಿಹೋದರೆ ಕೇಡಿಲ್ಲ. ಅವು ಶಾಖವನ್ನು ಚೆನ್ನಾಗಿಯೇ ಸಾಗಿಸುತ್ತವೆ. ಆದರೆ ಅಲ್ಲಿ ನೀರಿನ ಹರಿವು ಮಂದವಾದರೆ ಗುಳ್ಳೆಗಳು ಕೂಡಿ ಪೊರೆಯಾಗುತ್ತವೆ. ಆಮೇಲೆ ಆ ಒಂದು ಮೂಲೆಯ ಲೋಹದ ಉಷ್ಣತೆ ಬೇಗಬೇಗನೆ ಏರುತ್ತದೆ. ಈ ಎಂಜಿನಿನ ಹೆಡ್ಡು ಅಲ್ಯೂಮಿನಿಯಮ್ಮಿನದು, ಕೆಳಗಿನ ಸಿಲಿಂಡರುಗಳ ಒಡಲು ಎರಕದ ಕಬ್ಬಿಣದ್ದು. ಅಲ್ಯೂಮಿನಿಯಮ್ಮು ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹ. ಅರ್ಧ ಮೀಟರು ಉದ್ದದ ತುಂಡುಗಳೆರಡನ್ನೂ 50 ಡಿಗ್ರಿ ಹೆಚ್ಚು ಕಾಸಿದರೆ ಅವುಗಳ ಹಿಗ್ಗುವಿಕೆಯ ವ್ಯತ್ಯಾಸ ಸುಮಾರು 0.3 ಮಿಲಿಮೀಟರು. ಬೋಲ್ಟುಗಳಿಂದ ಬಿಗಿದ ಹೆಡ್ಡು ಹೀಗೆ ಹಿಗ್ಗಲಾರದೆ ಡೊಂಕಾಗುತ್ತದೆ, ನಡುವಿನ ಗ್ಯಾಸ್ಕೆಟ್ಟು ಸೀಳುತ್ತದೆ. ಎಂಜಿನನ್ನು ಬಿಚ್ಚದೆ ಇದಕ್ಕೆ ಉಪಾಯವಿಲ್ಲ.

ಈಗ ಎಂಎಕ್ಸ್-5ರ ಮೂಲಕ್ಕೆ ಹೋಗೋಣ. 2005ರವರೆಗಿನ ಅದರ ಮೊದಲ ಎರಡು ತಲೆಮಾರಿನ ಎಂಜಿನು ಈ ಗಾಡಿಗಾಗಿಯೇ ಹುಟ್ಟಿದ್ದಲ್ಲ. ಅದೇ ಸಂಸ್ಥೆಯ 323 ಎಂಬ ಕುಟುಂಬದ ಕಾರಿನ ಎಂಜಿನನ್ನು ಮಾರ್ಪಡಿಸಿಕೊಂಡದ್ದು. ಆ ಕಾರಿನಲ್ಲಿ ಎಂಜಿನು ಗಾಡಿಗೆ ಅಡ್ಡಲಾಗಿ ಕುಳಿತಿತ್ತು. ನೀರಿನ ಪಂಪು ಎಂಜಿನಿನ ಒಂದು ತುದಿಯಲ್ಲಿ. ಬಿಸಿನೀರು ಹೊರಬೀಳುವ ಬಾಯಿಯೂ ಅದನ್ನು ಕಾಯುವ ಥರ್ಮೋಸ್ಟ್ಯಾಟೂ ಮತ್ತೊಂದು ತುದಿಯಲ್ಲಿ. ಒಂದು ತುದಿಯಲ್ಲಿ ಹೊಕ್ಕ ನೀರು ನಾಲ್ಕು ಸಿಲಿಂಡರುಗಳನ್ನೂ ದಾಟಿಯೇ ಹೊರಗೆ ಹೋಗಬೇಕಿತ್ತು. ಎಂಎಕ್ಸ್-5ರಲ್ಲಿ ಎಂಜಿನನ್ನು ತಿರುಗಿಸಿ ಗಾಡಿಯ ಉದ್ದಕ್ಕೆ ಕೂಡಿಸಿದರು. ಆಗ ಬಿಸಿನೀರಿನ ಬಾಯಿ ಹಿಂಬದಿಗೆ, ಎಂಜಿನಿಗೂ ಚಾಲಕನಿಗೂ ನಡುವಣ ತಗಡಿನ ಗೋಡೆಯ ಇಕ್ಕಟ್ಟಿಗೆ ಬಂದಿತು. ಅನುಕೂಲಕ್ಕಾಗಿ ಆ ಬಾಯಿಯನ್ನು ಮುಚ್ಚಿ, ಮುಂದುಗಡೆ, ಪಂಪಿರುವ ತುದಿಯಲ್ಲಿಯೇ, ಬೇರೊಂದು ಬಾಯಿಯನ್ನು ತೆರೆದರು. ಗಾಡಿಯೊಳಗಿನ ಹೀಟರಿಗೆ ಹೋಗುವ ಸಣ್ಣ ಕೊಳವೆಯೊಂದು ಮಾತ್ರ ಹಿಂದೆ ಉಳಿಯಿತು.

ವಿದ್ಯುತ್ತಿನ ಪಾಠವನ್ನು ಓದಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಸಮಾಂತರವಾಗಿ ಜೋಡಿಸಿದ ತಂತಿಗಳಲ್ಲಿ ರೋಧ ಕಡಮೆಯಿರುವ ತಂತಿಯಲ್ಲಿಯೇ ಹೆಚ್ಚು ಪ್ರವಾಹ. ಇಲ್ಲಿಯೂ ನೀರಿನ ಬಹುಪಾಲು ಮೊದಲ ಸಿಲಿಂಡರಿನ ಬಳಿಯಲ್ಲೇ ಮೇಲೇರಿ ಮುಂಬಾಯಿಯಿಂದ ಹೊರಟುಹೋಗುತ್ತದೆ. ಹಿಂದಿನ ನಾಲ್ಕನೆಯ ಸಿಲಿಂಡರಿಗೆ ಬರುವುದು ಕಡಮೆ. ರಸ್ತೆಯಲ್ಲಿ ಅಷ್ಟೇ ಸಾಕು. ಶಾಖ ಐದಾರು ಮಡಿಯಾದ ದಿನ ಸಾಲದು. ರೇಡಿಯೇಟರನ್ನು ಎಷ್ಟು ದೊಡ್ಡದು ಮಾಡಿದರೂ ಹರಿವಿನ ಈ ಹಂಚಿಕೆ ಬದಲಾಗದಷ್ಟೆ. ಹವ್ಯಾಸಿಗಳು ಕಂಡುಕೊಂಡ ಪರಿಹಾರ ಸರಳವಾದದ್ದು, ಮತ್ತು ನಮ್ಮ ಎಣಿಕೆಯಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಸೊಗಸಾದದ್ದು: ಮುಂದಿನ ಬಾಯಿಯನ್ನು ಮುಚ್ಚಿ, ಥರ್ಮೋಸ್ಟ್ಯಾಟನ್ನು ಮರಳಿ ಹಿಂಬದಿಗೆ ಸಾಗಿಸಿ, ಅಲ್ಲಿಂದ ರೇಡಿಯೇಟರಿಗೆ ಉದ್ದನೆಯ ಕೊಳವೆಯನ್ನು ಎಳೆಯುವುದು. ಎಂಜಿನಿಗೆ ಅದರ ಹುಟ್ಟುಗುಣವನ್ನು ಹಿಂದಕ್ಕೆ ಕೊಟ್ಟಂತಾಯಿತು. 2001ರ ಮಾದರಿಯಿಂದ ಸಂಸ್ಥೆಯೇ ಗ್ಯಾಸ್ಕೆಟ್ಟಿನಲ್ಲಿರುವ ನೀರಿನ ರಂಧ್ರಗಳನ್ನು ಬದಲಾಯಿಸಿ, ಮುಂದಿನ ದಾರಿಯನ್ನು ಕಿರಿದುಗೊಳಿಸಿ, ಹಿಂದಕ್ಕೆ ಹೆಚ್ಚು ನೀರನ್ನು ತಳ್ಳಿತು.

ಥರ್ಮೋಸ್ಟ್ಯಾಟಿನ ಮಾತು ಬಂದುದರಿಂದ ಒಂದು ಹಳೆಯ ನಂಬಿಕೆಯನ್ನು ಪರೀಕ್ಷಿಸೋಣ. ಅದನ್ನು ಕಿತ್ತೆಸೆದರೆ ನೀರು ಅತಿವೇಗವಾಗಿ ಹರಿದು, ರೇಡಿಯೇಟರಿನಲ್ಲಿ ತಣಿಯಲು ಹೊತ್ತು ಸಾಲದೆ ಎಂಜಿನು ಕಾಯುತ್ತದೆ ಎಂದು ಅನೇಕ ಕಾರ್ಖಾನೆಗಳಲ್ಲಿ ಹೇಳುವುದುಂಟು. ಇದು ಸುಳ್ಳು. ನೀರು ಒಂದೇ ಮಂಡಲದಲ್ಲಿ ಸುತ್ತುತ್ತಿದೆ. ವೇಗ ಇಮ್ಮಡಿಯಾದರೆ ಪ್ರತಿ ಸುತ್ತಿನಲ್ಲಿ ರೇಡಿಯೇಟರಿನಲ್ಲಿ ಕಳೆಯುವ ಕಾಲ ಅರ್ಧವಾಗುವುದು ದಿಟ. ಆದರೆ ಸುತ್ತುಗಳು ಇಮ್ಮಡಿಯಾಗುತ್ತವೆ. ಒಂದು ನಿಮಿಷದಲ್ಲಿ ಒಂದು ಹನಿ ರೇಡಿಯೇಟರಿನೊಳಗೆ ಇರುವ ಒಟ್ಟು ಕಾಲ ಬದಲಾಗುವುದೇ ಇಲ್ಲ. ವೇಗವಾಗಿ ಹರಿವ ನೀರು ಲೋಹದಿಂದ ಶಾಖವನ್ನು ಇನ್ನೂ ಚೆನ್ನಾಗಿ ಎತ್ತಿಕೊಳ್ಳುತ್ತದೆ. ಹೀಗಿದ್ದೂ ಥರ್ಮೋಸ್ಟ್ಯಾಟು ತೆಗೆದ ಕೆಲವು ಗಾಡಿಗಳು ಕಾದದ್ದು ಸುಳ್ಳಲ್ಲ. ಕೆಲವು ಎಂಜಿನುಗಳಲ್ಲಿ ಅದು ತೆರೆದುಕೊಳ್ಳುವಾಗ ಪಂಪಿಗೆ ನೇರವಾಗಿ ಹಿಂತಿರುಗುವ ಅಡ್ಡದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡುವುದಿಲ್ಲ. ಅಲ್ಲದೆ ಅದರ ಕಿರಿದಾದ ಬಾಯಿಯು ಹೆಡ್ಡಿನೊಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚಿಸಿ ಕುದಿತವನ್ನು ತಡೆಯುತ್ತಿರುತ್ತದೆ.

ನೀರು ತಂದ ಶಾಖವನ್ನು ಗಾಳಿ ಒಯ್ಯಬೇಕು. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಸುಮಾರು ಒಂದೇ ಕಿಲೋಜೂಲು. ರೇಡಿಯೇಟರನ್ನು ಹಾಯುವಾಗ ಗಾಳಿ 35 ಡಿಗ್ರಿ ಕಾಯುವುದಾದರೆ 50 ಕಿಲೋವಾಟಿಗೆ ಸೆಕೆಂಡಿಗೆ 1.4 ಕಿಲೋಗ್ರಾಂ, ಎಂದರೆ ಸುಮಾರು 1.2 ಘನಮೀಟರು ಗಾಳಿ ಬೇಕು. ರೇಡಿಯೇಟರಿನ ಮುಖ ಕಾಲು ಚದರ ಮೀಟರು ಎಂದು ಹಿಡಿದರೆ, ಗಾಳಿ ಅದರೊಳಗೆ ಸೆಕೆಂಡಿಗೆ ಐದು ಮೀಟರು ಹರಿದರೆ ಸಾಕು. ಗಾಡಿಯೇ ಸೆಕೆಂಡಿಗೆ 30 ಮೀಟರು ಓಡುತ್ತಿರುವಾಗ ಇದೇನು ದೊಡ್ಡದು ಎನಿಸಬಹುದು. ಆದರೆ ಆ ವೇಗದ ಗಾಳಿ ತಡೆದು ನಿಂತಾಗ ಉಂಟಾಗುವ ಒತ್ತಡ 540 ಪಾಸ್ಕಲು. ಐದೂವರೆ ಸೆಂಟಿಮೀಟರು ಎತ್ತರದ ನೀರಿನ ಕಂಬದ ಭಾರ. ಇಷ್ಟು ಅಲ್ಪವಾದ ಒತ್ತಡದಿಂದ ಒತ್ತೊತ್ತಾದ ರೆಕ್ಕೆಗಳ ನಡುವೆ ಗಾಳಿಯನ್ನು ನುಗ್ಗಿಸಬೇಕು. ಪಕ್ಕದಲ್ಲಿ ಬೆರಳು ಹಾಯುವಷ್ಟು ಸಂದಿಯಿದ್ದರೂ ಗಾಳಿ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಮತ್ತೆ ಅದೇ ಸಮಾಂತರ ತಂತಿಗಳ ನ್ಯಾಯ. ಆದುದರಿಂದ ಮುಂದಿನ ಬಾಯಿಯಿಂದ ರೇಡಿಯೇಟರಿನ ಅಂಚಿನವರೆಗೆ ತಗಡಿನಿಂದಲೋ ಸ್ಪಂಜಿನ ಪಟ್ಟಿಗಳಿಂದಲೋ ಸಂದಿಗಳನ್ನು ಮುಚ್ಚುವುದು, ಹೊಸ ರೇಡಿಯೇಟರನ್ನು ಕೊಳ್ಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ. ಖರ್ಚು ಅತ್ಯಲ್ಪ. ಎಂಎಕ್ಸ್-5ರ ಮೂತಿಯ ಕೆಳಗೆ ಪ್ಲಾಸ್ಟಿಕ್ಕಿನ ಒಂದು ಅಡಿತಟ್ಟೆಯಿದೆ. ರಿಪೇರಿಗೆಂದು ಬಿಚ್ಚಿದವರು ಅನೇಕ ವೇಳೆ ಅದನ್ನು ಮರಳಿ ಕೂಡಿಸುವುದಿಲ್ಲ. ಅದಿಲ್ಲದಿದ್ದರೆ ಗಾಳಿ ಕೆಳಗೆ ಸೋರಿಹೋಗುತ್ತದೆ.

ಗಾಳಿ ಹೊರಕ್ಕೂ ಹೋಗಬೇಕಲ್ಲ! ಕೆಲವರು ಬಾನೆಟ್ಟಿನ ಹಿಂದಿನ ಅಂಚನ್ನು ಬೆರಳಗಲ ಎತ್ತಿ ಕೂಡಿಸುತ್ತಾರೆ. ನಿಂತ ಗಾಡಿಯಲ್ಲಿ ಅಲ್ಲಿಂದ ಬಿಸಿಗಾಳಿ ಏಳುವುದನ್ನು ಕಂಡು ತೃಪ್ತರೂ ಆಗುತ್ತಾರೆ. ಓಡುವ ಗಾಡಿಯಲ್ಲಿ ಮುಂಗಾಜಿನ ಬುಡಕ್ಕೆ ಗಾಳಿ ಬಡಿದು ನಿಲ್ಲುವುದರಿಂದ ಅಲ್ಲಿನ ಒತ್ತಡ ಹೆಚ್ಚು. ಹೊರಗಿನ ಗಾಳಿಯೇ ಆ ಸಂದಿಯಿಂದ ಒಳಕ್ಕೆ ಬರುವ ಸಂಭವವಿದೆ. ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಹಿಂದುಗಡೆ, ಮೇಲಿನ ಒತ್ತಡ ಕಡಮೆಯಿರುವೆಡೆ ಕಿಂಡಿಗಳನ್ನು ಕೊರೆದರೆ ಮಾತ್ರ ಬಿಸಿಗಾಳಿ ಹೊರಬೀಳುತ್ತದೆ.

ದ್ರವದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲು ಅದಕ್ಕೆ ಸಮಭಾಗ ಗ್ಲೈಕಾಲನ್ನು ಬೆರೆಸುತ್ತಾರೆ. ಈ ಮಿಶ್ರಣದ ಶಾಖವಾಹಕತೆ ಬರಿಯ ನೀರಿನದರ ಐದರಲ್ಲಿ ಮೂರು ಪಾಲು ಮಾತ್ರ. ಅದು ಪಥದ ಮೇಲೆ ಚೆಲ್ಲಿದರೆ ಜಾರುವುದರಿಂದ ಅನೇಕ ಪಂದ್ಯಗಳಲ್ಲಿ ನಿಷೇಧವೂ ಉಂಟು. ತುಕ್ಕನ್ನು ತಡೆಯುವ ರಾಸಾಯನಿಕವನ್ನು ಸೇರಿಸಿದ ನೀರೇ ಪಥಕ್ಕೆ ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ಚಾಲಕನ ಪಾಲಿಗೆ ಕೆಲಸ ಉಳಿದಿರುತ್ತದೆ. ಅನೇಕ ಕಾರುಗಳಲ್ಲಿ ಉಷ್ಣತಾಮಾಪಕದ ಮುಳ್ಳು ವಿಶಾಲವಾದ ವ್ಯಾಪ್ತಿಯಲ್ಲಿ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಮೇಲೇಳುವ ವೇಳೆಗೆ ಹೊತ್ತು ಮೀರಿರಬಹುದು. ಅಂಕಿಗಳನ್ನು ತೋರಿಸುವ ಬೇರೊಂದು ಮಾಪಕವನ್ನು ಕೂಡಿಸುವುದು ಮೇಲು. ಉಷ್ಣತೆ ಏರುತ್ತಿದ್ದರೆ ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ಹೋಗದೆ, ಪಕ್ಕಕ್ಕೆ ಸರಿದು, ಕದಡದ ಗಾಳಿಯನ್ನು ಹಿಡಿಯಬೇಕು. ಮೇಲಿನ ಗೇರಿಗೆ ಬೇಗ ಹೋಗಬೇಕು. ಹೀಟರನ್ನು ಪೂರ್ತಿಯಾಗಿ ತೆರೆದರೆ ಅದು ಎರಡನೆಯ ರೇಡಿಯೇಟರಾಗುತ್ತದೆ. ಈ ಎಂಜಿನಿನಲ್ಲಿ ಅದು ನೀರನ್ನು ಹಿಂಬದಿಯಿಂದಲೇ ಸೆಳೆಯುವುದರಿಂದ ಪ್ರಯೋಜನ ಇಮ್ಮಡಿ, ಸೆಖೆಯನ್ನು ಮಾತ್ರ ಸಹಿಸಬೇಕು. ಓಟ ಮುಗಿದೊಡನೆ ನಿಲ್ಲಿಸದೆ ಒಂದು ಸುತ್ತು ನಿಧಾನವಾಗಿ ಬರುವುದು ಪದ್ಧತಿ. ಎಂಜಿನನ್ನು ತಟ್ಟನೆ ನಿಲ್ಲಿಸಿದರೆ ಪಂಪೂ ನಿಲ್ಲುತ್ತದೆ, ಲೋಹದಲ್ಲಿ ತುಂಬಿದ ಶಾಖವೆಲ್ಲ ನಿಂತ ನೀರಿಗೆ ಇಳಿಯುತ್ತದೆ.

ಆಗ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಬಾರದು. ಅದು ಬರಿಯ ಮುಚ್ಚಳವಲ್ಲ. ಪ್ರೆಷರ್ ಕುಕ್ಕರಿನ ಗುಂಡಿನಂತೆ ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 0.9 ಬಾರಿನಷ್ಟು ಮೇಲಿಟ್ಟು, ನೀರಿನ ಕುದಿಬಿಂದುವನ್ನು 118 ಡಿಗ್ರಿಗೆ ಏರಿಸಿರುತ್ತದೆ. ಅದನ್ನು ತಿರುಗಿಸಿದ ಕ್ಷಣವೇ ಕುದಿಬಿಂದು 100ಕ್ಕೆ ಇಳಿಯುತ್ತದೆ. ನೀರು ಆ ಉಷ್ಣತೆಯಲ್ಲಿದ್ದರೆ, ಮಿಕ್ಕ 18 ಡಿಗ್ರಿಗಳ ಶಾಖವು ಪ್ರತಿಯೊಂದು ಲೀಟರಿನಲ್ಲಿಯೂ ಸುಮಾರು 33 ಗ್ರಾಂ ನೀರನ್ನು ಉಗಿಯಾಗಿಸಬಲ್ಲದು. ಆರು ಲೀಟರಿಗೆ 200 ಗ್ರಾಂ ಆಯಿತು. ಅದರ ಉಗಿ ಮುನ್ನೂರು ಲೀಟರಿಗೂ ಮೀರಿದ ಜಾಗವನ್ನು ಬೇಡುತ್ತದೆ, ಕುದಿಯುವ ನೀರನ್ನು ತನ್ನೊಡನೆ ಎತ್ತಿಕೊಂಡು ಮುಚ್ಚಳ ತೆರೆದವನ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ರಬ್ಬರು ಕೊಳವೆಯನ್ನು ಅಂಗೈಯಲ್ಲಿ ಹಿಡಿಯಲು ಬರುವಷ್ಟು ಆರಿ, ಒತ್ತಿದರೆ ಅದು ಮೆತ್ತಗೆ ತಗ್ಗುವವರೆಗೆ ಕಾಯಬೇಕು. ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು.