ದಿನ ತುಂಬುವವರೆಗೆ

ಕಲ್ಯಾಣದಲ್ಲಿ ಬೆಳೆದ ಯಮುನೆ ಎಂಬ ಬಾಲಿಕೆಯು ವಿವಾಹಾನಂತರ ಆನಂದಿಬಾಯಿ ಜೋಶಿ ಎಂಬ ಹೆಸರನ್ನು ಪಡೆದು, ಹದಿನಾಲ್ಕರ ಎಳೆ ವಯಸ್ಸಿನಲ್ಲಿ ಚೊಚ್ಚಲ ಗಂಡುಮಗುವನ್ನು ಹೆತ್ತು, ತಕ್ಕ ವೈದ್ಯರ ನೆರವು ದೊರೆಯದೆ ಹತ್ತೇ ದಿನಗಳಲ್ಲಿ ಅದನ್ನು ಕಳೆದುಕೊಂಡು, ಆ ಶೋಕದೊಳಗಿನಿಂದಲೇ ತಾನೇ ವೈದ್ಯೆಯಾಗಬೇಕೆಂಬ ಸಂಕಲ್ಪವನ್ನು ತಾಳಿ, ಸಮುದ್ರವನ್ನು ದಾಟಿ ಹೋಗಿ, 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿಯನ್ನು ಪಡೆದ ಸಂಗತಿಯನ್ನು ಮಹಾರಾಷ್ಟ್ರದ ಶಾಲಾಬಾಲಕರೂ ಬಲ್ಲರು. ಆಕೆ ಅಲ್ಲಿ ಬರೆದ ಪ್ರಬಂಧದ ವಿಷಯವು ಹಿಂದೂಗಳ ಪ್ರಸೂತಿಶಾಸ್ತ್ರವಾಗಿತ್ತೆಂಬುದು ಅಷ್ಟಾಗಿ ತಿಳಿದಿಲ್ಲ. ಕೊಲ್ಲಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ನೇಮಕಗೊಂಡಿದ್ದರೂ, ಕ್ಷಯರೋಗದಿಂದ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಆಕೆ ತೀರಿಕೊಂಡಳು.

ಅದೇ ಕಲ್ಯಾಣದಿಂದ ಡೊಂಬಿವಲಿ, ಥಾಣೆಗಳವರೆಗೂ, ಖಾಡಿಯೆಂಬ ಕಡಲ ಹಿನ್ನೀರಿನ ಆಚೆಗಿನ ನವಿ ಮುಂಬಯಿಯವರೆಗೂ ಇಂದು ಹಬ್ಬಿರುವ ಬಹುಮಹಡಿ ಕಟ್ಟಡಗಳಲ್ಲಿ ಕನ್ನಡದ ಮನೆಗಳು ಎಷ್ಟೋ ಇವೆ. ಹೋಟೆಲಿನ ವ್ಯವಹಾರಕ್ಕೆಂದು ಉಡುಪಿ, ಕುಂದಾಪುರಗಳ ಕಡೆಯಿಂದ ಬಂದವರ ಮೊಮ್ಮಕ್ಕಳು, ಕಲಬುರಗಿ, ವಿಜಯಪುರಗಳಿಂದ ಕಟ್ಟಡದ ಕೂಲಿಗೆ ಬಂದು ನೆಲೆನಿಂತವರು, ಬ್ಯಾಂಕು ಕಂಪನಿಗಳ ಉದ್ಯೋಗಸ್ಥರು, ಹೀಗೆ ನಾನಾ ತೆರನಾದ ಜನ. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವೆಂಬ ಶಾಲೆಯನ್ನೇ ನಡೆಸಿಕೊಂಡು ಬಂದಿರುವಷ್ಟು ಈ ಸಮಾಜವು ಬೇರೂರಿದೆ. ಇಷ್ಟಾದರೂ, ಹೊಸದಾಗಿ ಮದುವೆಯಾಗಿ ಬಂದು, ಗಂಡ ಬೆಳಗಿನ ಲೋಕಲ್ ಹಿಡಿದು ಹೊರಟುಹೋದ ಬಳಿಕ ಐದನೆಯ ಮಹಡಿಯಲ್ಲಿ ಒಬ್ಬಳೇ ಉಳಿಯುವ ಚೊಚ್ಚಲ ಬಸುರಿಗೆ, ತಾಯಿಯ ಮಾತು ಊರಿನಿಂದ ಫೋನಿನಲ್ಲಿ ಬರುತ್ತದೆ, ಅತ್ತೆಯ ಮಾತು ಬೇರೊಂದು ಊರಿನಿಂದ ಬರುತ್ತದೆ, ವೈದ್ಯರು ಮರಾಠಿ ಹಿಂದಿ ಬೆರೆಸಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಮೂರು ಮಾತುಗಳೂ ಒಂದಕ್ಕೊಂದು ಕೂಡುವುದಿಲ್ಲ.

ಆಕೆಯ ಪ್ರಶ್ನೆಗಳು ಮೇಲ್ನೋಟಕ್ಕೆ ಹತ್ತಾರಿದ್ದರೂ ಅವುಗಳ ಬುಡದಲ್ಲಿರುವುದು ಒಂದೇ ಶಂಕೆ: ನನಗೆ ಆಗುತ್ತಿರುವುದು ಎಲ್ಲರಿಗೂ ಆಗುವಂಥದೋ, ಅಥವಾ ನನಗೊಬ್ಬಳಿಗೇ ಬಂದ ಕೇಡೋ? ಇದಕ್ಕೆ ಹಿರಿಯರು ಸಾಮಾನ್ಯವಾಗಿ ಕೊಡುವ ಸಾಂತ್ವನವು ‘ಏನೂ ಆಗುವುದಿಲ್ಲ, ಸುಮ್ಮನಿರು’ ಎಂಬುದು. ಈ ಲೇಖಕನಿಗೆ ಆ ಸಾಂತ್ವನದಲ್ಲಿ ನಂಬಿಕೆಯಿಲ್ಲ. ನಿಜವಾಗಿ ಅಂಜಬೇಕಾದ ಕೆಲವೇ ಲಕ್ಷಣಗಳು ಯಾವುವೆಂದು ತಿಳಿದವಳಿಗೆ ಉಳಿದೆಲ್ಲವನ್ನೂ ನಿಶ್ಚಿಂತೆಯಿಂದ ಸಹಿಸುವ ಧೈರ್ಯವು ತಾನಾಗಿ ಬರುತ್ತದೆ. ತಿಳಿಯದವಳು ಎಲ್ಲಕ್ಕೂ ಅಂಜುತ್ತಾಳೆ, ಇಲ್ಲವೆ ಅಂಜಬೇಕಾದಾಗಲೂ ಸುಮ್ಮನಿರುತ್ತಾಳೆ.

ಮೊದಲು ವಾಂತಿಯ ವಿಚಾರ. ಬಹುಪಾಲು ಬಸುರಿಯರಿಗೆ ಮೊದಲ ಮೂರು ತಿಂಗಳಲ್ಲಿ ಹೊಟ್ಟೆ ತೊಳಸುವುದು, ಒಗ್ಗರಣೆಯ ವಾಸನೆ ಸೇರದಿರುವುದು, ಹಗಲೆಲ್ಲ ಜಡವಾಗಿರುವುದು ಇದ್ದದ್ದೇ. ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ಇದು ಸಾಮಾನ್ಯವಾಗಿ ತಗ್ಗುತ್ತದೆ. ಆ ದಿನಗಳಲ್ಲಿ ಒಂದೆರಡು ಕಿಲೋ ತೂಕ ಇಳಿದರೂ ಕೂಸಿಗೆ ಕುಂದಿಲ್ಲ, ಅದರ ಅಗತ್ಯ ಆಗ ಅತ್ಯಲ್ಪ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಣ ಬಿಸ್ಕತ್ತನ್ನೋ ಚುರುಮುರಿಯನ್ನೋ ಬಾಯಿಗೆ ಹಾಕಿಕೊಂಡು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುವುದು ಮೇಲು. ಆದರೆ ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢವರ್ಣಕ್ಕೆ ತಿರುಗಿದರೆ, ಅದನ್ನು ಬಸಿರಿನ ಸಹಜ ಸಂಕಟವೆಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆಹಾರದ ನಿಷೇಧಗಳ ಪಟ್ಟಿಯಂತೂ ಊರಿಗೊಂದು, ಮನೆಗೊಂದು. ಪಪ್ಪಾಯಿಯ ವಿಷಯದಲ್ಲಿ ಹಿರಿಯರ ಎಚ್ಚರಿಕೆಗೆ ಅರ್ಥವಿದೆ, ಏಕೆಂದರೆ ಹಸಿ ಕಾಯಿಯ ಹಾಲು ಗರ್ಭಾಶಯವನ್ನು ಸಂಕೋಚಗೊಳಿಸಬಲ್ಲುದು. ಪೂರ್ಣ ಪಕ್ವವಾದ ಹಣ್ಣಿಗೆ ಆ ದೋಷವಿಲ್ಲ. ಕೇಸರಿಯ ಹಾಲು ಕುಡಿದರೆ ಮಗು ಬೆಳ್ಳಗಾಗುವುದೆಂಬುದೂ, ಕೊನೆಯ ತಿಂಗಳಲ್ಲಿ ತುಪ್ಪ ಕುಡಿದರೆ ಮಗು ಜಾರಿ ಬರುವುದೆಂಬುದೂ ಆಧಾರವಿಲ್ಲದ ಮಾತುಗಳು. ಗ್ರಹಣ ಕಾಲದಲ್ಲಿ ತರಕಾರಿ ಹೆಚ್ಚಿದರೆ ಮಗುವಿಗೆ ಸೀಳುತುಟಿಯಾಗುವುದಿಲ್ಲ. ಹಾಗೆಂದು ಹೆದರಿ ತುಂಬಿದ ಬಸುರಿಯನ್ನು ಗಂಟೆಗಟ್ಟಲೆ ನೀರೂ ಕೊಡದೆ ಕೂರಿಸುವುದರಿಂದ ಮಾತ್ರ ತೊಂದರೆಯುಂಟು. ಎರಡು ಜೀವದವಳು ಇಬ್ಬರ ಊಟ ಉಣ್ಣಬೇಕೆಂಬ ಮಾತನ್ನೂ ಅಳೆದು ನೋಡಬೇಕು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ಆಕೆಗೆ ಹೆಚ್ಚಾಗಿ ಬೇಕಾದುದು ದಿನಕ್ಕೆ ಸುಮಾರು 350 ಕ್ಯಾಲೊರಿ ಮಾತ್ರ, ಎಂದರೆ ಒಂದು ಲೋಟ ಹಾಲು, ಒಂದು ರೊಟ್ಟಿ, ಒಂದಿಷ್ಟು ಬೇಳೆ. ಕರಾವಳಿಯವರು ಬಂಗುಡೆ, ಭೂತಾಯಿಗಳನ್ನು ಚೆನ್ನಾಗಿ ಬೇಯಿಸಿ ತಿನ್ನಬಹುದು, ತಿನ್ನಬೇಕು ಎಂದರೂ ತಪ್ಪಿಲ್ಲ. ಫಿಲ್ಟರ್ ಕಾಫಿ ದಿನಕ್ಕೆ ಎರಡು ಚಿಕ್ಕ ಲೋಟಕ್ಕೆ ನಿಂತರೆ ಸಾಕು.

ಬೀದಿಯ ಪಾನಿಪೂರಿಯ ವಿಷಯದಲ್ಲಿ ಮಾತ್ರ, ಅದಕ್ಕಾಗಿ ಬಾಯಲ್ಲಿ ನೀರೂರಿಸಿಕೊಳ್ಳುವ ಬಸುರಿಯರ ಕ್ಷಮೆ ಕೇಳಿ, ನಾನು ಅತ್ತೆಯರ ಪಕ್ಷವನ್ನು ವಹಿಸುತ್ತೇನೆ. ಕಾರಣ ಉಷ್ಣವೂ ಅಲ್ಲ, ಖಾರವೂ ಅಲ್ಲ, ಅದರ ನೀರು. ಮಲಿನ ಜಲದಿಂದ ಬರುವ ಕಾಮಾಲೆಗಳಲ್ಲಿ ‘ಇ’ ಬಗೆಯದು ಇತರರಲ್ಲಿ ಬಹುಮಟ್ಟಿಗೆ ತಾನಾಗಿ ವಾಸಿಯಾಗುವ ವ್ಯಾಧಿಯಾದರೂ, ಕೊನೆಯ ತಿಂಗಳುಗಳ ಗರ್ಭಿಣಿಯಲ್ಲಿ ಪ್ರಾಣಾಂತಿಕವಾಗುವ ಸಂಭವ ಹೆಚ್ಚು. ಮಳೆಗಾಲದ ನಾಲ್ಕು ತಿಂಗಳು ನೀರನ್ನು ಕುದಿಸಿ ಕುಡಿಯುವುದೂ, ಡೆಂಗೆ ಮಲೇರಿಯಾಗಳು ಸುಳಿಯುವ ಈ ಪ್ರದೇಶದಲ್ಲಿ ಸೊಳ್ಳೆಪರದೆಯ ಒಳಗೆ ಮಲಗುವುದೂ ಆಕೆಗೆ ಯಾವ ಟಾನಿಕ್ಕಿಗಿಂತಲೂ ಹೆಚ್ಚಿನದು. ಇನ್ನು ಮಣ್ಣನ್ನೋ, ಬಳಪದ ಚೂರನ್ನೋ ತಿನ್ನಬೇಕೆನಿಸಿದರೆ ನಾಚಿ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಅದು ಅನೇಕ ವೇಳೆ ರಕ್ತಹೀನತೆಯ ಸೂಚನೆ.

ಆ ರಕ್ತಹೀನತೆಗೇ ಕಬ್ಬಿಣಾಂಶದ ಗುಳಿಗೆ. ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರವೂ ಅಷ್ಟೇ ದಿನ, ಅದನ್ನು ಸೇವಿಸಬೇಕೆಂಬುದು ಸರಕಾರದ ಕ್ರಮ. ಮಲ ಕಪ್ಪಾದುದನ್ನು ಕಂಡು ಗಾಬರಿಯಾಗಿ ಗುಳಿಗೆಗಳನ್ನು ಕಪಾಟಿನ ಹಿಂದೆ ಅಡಗಿಸಿಡುವವರುಂಟು. ಆ ಬಣ್ಣ ಗುಳಿಗೆಯದೇ ಹೊರತು ರೋಗದ್ದಲ್ಲ. ಚಹಾ ಕಾಫಿಗಳೊಡನೆ ನುಂಗದೆ, ನಿಂಬೆಯ ಪಾನಕದೊಡನೆ ನುಂಗಿದರೆ ಅದು ಮೈಗೆ ಹತ್ತುತ್ತದೆ. ಸುಣ್ಣಾಂಶದ ಗುಳಿಗೆಯನ್ನು ಅದರ ಜೊತೆಯಲ್ಲಿ ತೆಗೆದುಕೊಳ್ಳಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ.

ಸ್ಕ್ಯಾನಿಂಗಿನಿಂದ ಕೂಸಿಗೆ ಕಿರಣಗಳ ಬಾಧೆಯಾಗುವುದೋ ಎಂಬ ಸಂದೇಹಕ್ಕೆ ಉತ್ತರ ಚಿಕ್ಕದು: ಅದರಲ್ಲಿ ಬಳಸುವುದು ಶಬ್ದತರಂಗ, ಕ್ಷ-ಕಿರಣವಲ್ಲ. ಹನ್ನೆರಡನೆಯ ವಾರದ ಆಸುಪಾಸಿನ ಮತ್ತು ಹದಿನೆಂಟರಿಂದ ಇಪ್ಪತ್ತನೆಯ ವಾರದ ಪರೀಕ್ಷೆಗಳನ್ನು ತಪ್ಪಿಸಬಾರದು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

ಈ ಊರುಗಳ ಹೆಂಗಸರು ಕೇಳುವ ಪ್ರಶ್ನೆಗಳಲ್ಲಿ ಬೇರೆಲ್ಲಿಯೂ ಇಷ್ಟು ತೀವ್ರವಾಗಿ ಹುಟ್ಟದ ಒಂದು ಪ್ರಶ್ನೆಯಿದೆ: ಲೋಕಲ್ ಗಾಡಿಯಲ್ಲಿ ಹೋಗಬಹುದೇ? 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ಮೊದಲ ಗಾಡಿ ಓಡಿದಂದಿನಿಂದ ಈ ಪ್ರದೇಶದ ಜೀವನವು ಹಳಿಯ ಮೇಲೆಯೇ ನಡೆದುಬಂದಿದೆ. ಡೊಂಬಿವಲಿಯ ಉದ್ಯೋಗಸ್ಥೆಗೆ ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಉಪದೇಶವು ಸುಲಭವಾಗಿ ಪಾಲಿಸುವಂಥದಲ್ಲ. ಗಾಡಿಯ ಕುಲುಕಾಟದಿಂದಾಗಲಿ, ರಿಕ್ಷಾ ಹೊಂಡಕ್ಕೆ ಇಳಿದು ಎದ್ದುದರಿಂದಾಗಲಿ ಆರೋಗ್ಯವಂತ ಗರ್ಭವು ಬೀಳುವುದಿಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣವಾಗಿದ್ದು, ತಾಯಿ ನಡೆದದ್ದು, ಹತ್ತಿದ್ದು, ಕುಳಿತದ್ದು ಅದಕ್ಕೆ ಹೊಣೆಯಲ್ಲ. ಹಾಗೆ ಕಳೆದುಕೊಂಡವಳನ್ನು ‘ಆ ದಿನ ನೀನು ಗಾಡಿ ಹತ್ತಬಾರದಿತ್ತು’ ಎಂದು ದೂಷಿಸುವುದು ನಿಷ್ಕಾರಣ ಕ್ರೌರ್ಯ. ನಿಜವಾದ ಅಪಾಯವಿರುವುದು ನೂಕುನುಗ್ಗಲಿನಲ್ಲಿ, ಚಲಿಸುವ ಗಾಡಿಯನ್ನು ಹತ್ತಿಳಿಯುವುದರಲ್ಲಿ, ಗಾಳಿಯಿಲ್ಲದೆ ಬಹಳ ಹೊತ್ತು ನಿಂತು ತಲೆ ಸುತ್ತಿ ಬೀಳುವುದರಲ್ಲಿ. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಗರ್ಭಿಣಿಯರಿಗೂ ಪ್ರವೇಶವಿದೆ. ಹೊಟ್ಟೆ ಇನ್ನೂ ಕಾಣದ ತಿಂಗಳುಗಳಲ್ಲಿ ವೈದ್ಯರ ಚೀಟಿಯೊಂದು ಪರ್ಸಿನಲ್ಲಿದ್ದರೆ ವಾದಕ್ಕೆ ಎಡೆಯಿರದು. ಕಚೇರಿಗೆ ಒಂದು ಗಂಟೆ ಮುಂಚೆ ಹೋಗಿ ಮುಂಚೆ ಬರುವ ಏರ್ಪಾಟನ್ನು ಕೇಳಲು ಸಂಕೋಚ ಬೇಡ. 2017ರ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯಿದ್ದು, ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದು.

ಇನ್ನು ತವರಿಗೆ ಹೋಗುವ ಪ್ರಶ್ನೆ. ಕರಾವಳಿಯವರು ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮುಗಿಸಿ ಕೊಂಕಣ ರೈಲಿನಲ್ಲಿ ಮಗಳನ್ನು ಕರೆದೊಯ್ಯುತ್ತಾರೆ. ಕಲಬುರಗಿಯ ಕಡೆಯವರು ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ. ತೊಡಕಿಲ್ಲದ ಬಸಿರಿನಲ್ಲಿ ನಾಲ್ಕರಿಂದ ಏಳು ತಿಂಗಳೊಳಗಿನ ಕಾಲವೇ ಪ್ರಯಾಣಕ್ಕೆ ಪ್ರಶಸ್ತ. ಎಂಟೂವರೆ ತಿಂಗಳವರೆಗೆ ಕಾದು ಹೊರಡುವುದು ಅವಿವೇಕ. ಕೆಳಗಿನ ಬರ್ತನ್ನು ಟಿಕೆಟ್ ತೆಗೆಯುವಾಗಲೇ ಕೇಳಿಕೊಂಡು, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ನೀರು ಕುಡಿಯುತ್ತಿರಬೇಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು. ಮಳೆಗಾಲದಲ್ಲಿ ಹೊರಡುವವರು 2019ರ ಜುಲೈ 27ನ್ನು ನೆನೆಯಬಹುದು: ಕೊಲ್ಲಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ಬದ್ಲಾಪುರ ವಾಂಗಣಿಗಳ ನಡುವೆ ಪ್ರವಾಹದಲ್ಲಿ ಸಿಕ್ಕಿಬಿದ್ದು, ದೋಣಿಗಳ ಮೂಲಕ ಪಾರುಮಾಡಲಾದ ಸಾವಿರಕ್ಕೂ ಹೆಚ್ಚು ಪ್ರಯಾಣಿಕರಲ್ಲಿ ಒಂಬತ್ತು ಮಂದಿ ಗರ್ಭಿಣಿಯರಿದ್ದರು. ಎಲ್ಲರೂ ಸುರಕ್ಷಿತವಾಗಿ ಹೊರಬಂದರೆಂಬುದು ಸಮಾಧಾನದ ಸಂಗತಿಯೇ. ಆದರೂ ದಿನ ತುಂಬಿದವಳು ಜುಲೈ ತಿಂಗಳ ರಾತ್ರಿ ಘಟ್ಟವನ್ನು ದಾಟದಿರುವುದು ಲೇಸು.

ಹೋಗುವವಳ ಚೀಲದಲ್ಲಿ ಸೀರೆ, ಬಳೆಗಳಿಗಿಂತ ಮೊದಲು ಇರಬೇಕಾದುದು ತಾಯಿ ಕಾರ್ಡ್. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಚುಚ್ಚುಮದ್ದು, ಸಕ್ಕರೆಯ ಪರೀಕ್ಷೆ ಎಲ್ಲವೂ ಅದರಲ್ಲಿ ದಾಖಲಾಗಿದ್ದರೆ, ಮರಾಠಿಯಲ್ಲಿ ಆರಂಭವಾದ ಬಸಿರನ್ನು ಕನ್ನಡದ ಆಸ್ಪತ್ರೆಯು ತೊಡಕಿಲ್ಲದೆ ಮುಂದುವರಿಸಬಲ್ಲುದು. ಖಾಸಗಿ ವೈದ್ಯರಿಗೆ ಹಣ ತೆರಲಾರದವರಿಗೆ ಪ್ರತಿ ತಿಂಗಳ 9ನೆಯ ದಿನ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆಯುಂಟು. ಕಳ್ವಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆಗಳು ಈ ಜನಕ್ಕೆ ಸಮೀಪವಾದವು.

ಈಗ ಅಂಜಬೇಕಾದ ಲಕ್ಷಣಗಳಿಗೆ ಬರೋಣ, ಇವು ಕೆಲವೇ. ಯಾವ ತಿಂಗಳಲ್ಲಾದರೂ ರಕ್ತಸ್ರಾವ; ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಒಮ್ಮೆಲೇ ಊದಿಕೊಳ್ಳುವುದು, ಎದೆಗೂಡಿನ ಕೆಳಗೆ ತಡೆಯದ ನೋವು, ಇವು ರಕ್ತದೊತ್ತಡ 140/90ನ್ನು ಮೀರಿದ್ದರ ಕುರುಹಾಗಿರಬಹುದು; ಜ್ವರ; ನೋವಿಲ್ಲದಿದ್ದರೂ ನೀರು ಒಡೆದು ಹೋಗುವುದು; ಮತ್ತು ಮಗುವಿನ ಮಿಸುಕಾಟ ಕಡಿಮೆಯಾಗುವುದು. ಸಂಜೆ ಪಾದ ಊದುವುದು, ಬೆನ್ನು ನೋಯುವುದು, ಎದೆಯುರಿ, ಬಿಳಿಸ್ರಾವ, ಇವು ಸಾಮಾನ್ಯವಾಗಿ ಆ ಪಟ್ಟಿಗೆ ಸೇರಿದವಲ್ಲ. ಚೊಚ್ಚಲಿನವಳಿಗೆ ಮಿಸುಕಾಟ ತಿಳಿಯುವುದು ಹದಿನೆಂಟರಿಂದ ಇಪ್ಪತ್ತನೆಯ ವಾರದ ಸುಮಾರಿಗೆ; ಏಳನೆಯ ತಿಂಗಳಿನಿಂದ ಪ್ರತಿ ಮಗುವಿಗೂ ತನ್ನದೇ ಒಂದು ಕ್ರಮವಿರುತ್ತದೆ, ಆ ಕ್ರಮವನ್ನು ತಾಯಿಗಿಂತ ಚೆನ್ನಾಗಿ ಬಲ್ಲ ಯಂತ್ರವಿಲ್ಲ. ಅದು ತಪ್ಪಿತೆನಿಸಿದ ದಿನವೇ, ನಾಳೆಯವರೆಗೆ ಕಾಯದೆ, ತೋರಿಸಿಕೊಳ್ಳಬೇಕು. ಸುಳ್ಳು ಗಾಬರಿಯಾಯಿತೆಂದು ನಗುವವರು ನಗಲಿ.

ವೈದ್ಯರು ಬರೆದುಕೊಟ್ಟ ತಾರೀಖಿನಂದೇ ಹೆರುವವರು ನೂರಕ್ಕೆ ನಾಲ್ಕೈದು ಮಂದಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದ ಅಂದಾಜು ಅದು. ಮೂವತ್ತೇಳು ವಾರ ತುಂಬಿದ ಮೇಲೆ ಯಾವಾಗ ಬಂದರೂ ಅಕಾಲವಲ್ಲ. ಸಿಸೇರಿಯನ್ ಆಗುವುದೋ ಎಂಬ ಭಯವನ್ನು ಮಾತ್ರ ಬರಿಯ ಭ್ರಮೆಯೆನ್ನಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3ರಷ್ಟೂ, ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4ರಷ್ಟೂ ಶಸ್ತ್ರಕ್ರಿಯೆಯಿಂದ ಆದುವು. ಈ ಅಂತರವೆಲ್ಲ ತಾಯಂದಿರ ದೇಹಸ್ಥಿತಿಯಿಂದಲೇ ಆದುದೆಂದು ನಂಬುವುದು ಕಷ್ಟ. ಕಾರಣವೇನೆಂದು ಕೇಳುವ ಹಕ್ಕು ಗರ್ಭಿಣಿಗಿದೆ. ಕಾರಣ ಸರಿಯಾಗಿದ್ದಲ್ಲಿ ಅದು ಪ್ರಾಣರಕ್ಷಕವೇ ಆದುದರಿಂದ ಸೋತೆನೆಂಬ ಭಾವ ಬೇಡ.

ನಡೆದಾಡಿದರೆ, ಮಲಗಿದರೆ ಅಡಗುವ ನೋವು ಹುಸಿನೋವು. ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದು ಸಲವೂ ಸುಮಾರು ಒಂದು ನಿಮಿಷ ಹಿಡಿದು, ಹೀಗೆ ಒಂದು ಗಂಟೆ ಕಳೆದರೂ ಏರುತ್ತಲೇ ಇದ್ದರೆ ಅದು ನಿಜವಾದುದು. ಚೊಚ್ಚಲ ಹೆರಿಗೆ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ಹಿಡಿಯುವುದರಿಂದ ಕಲ್ಯಾಣ-ಶಿಳ್ ರಸ್ತೆಯ ವಾಹನದಟ್ಟಣೆಯಲ್ಲಿಯೂ ತಲುಪಲು ಸಾಮಾನ್ಯವಾಗಿ ಸಮಯವಿರುತ್ತದೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಮಧ್ಯರಾತ್ರಿ ಯಾರನ್ನು ಕರೆಯುವುದೆಂಬ ಯೋಚನೆಯನ್ನು ಎಂಟನೆಯ ತಿಂಗಳಲ್ಲೇ ಮುಗಿಸಿಡುವುದು ಒಳಿತು.

ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಇನ್ನೊಂದುಂಟು: ಆ ಹೊತ್ತಿಗೆ ನನ್ನ ಬಳಿ ಯಾರಿರುತ್ತಾರೆ? ಹೆರಿಗೆಯ ಕೋಣೆಯಲ್ಲಿ ಪರಿಚಿತರೊಬ್ಬರು ಜೊತೆಗಿದ್ದರೆ ನೋವಿನ ಅವಧಿ ತಗ್ಗುವುದೆಂದೂ, ಸಿಸೇರಿಯನ್ನಿನ ಸಂಭವ ಕಡಿಮೆಯಾಗುವುದೆಂದೂ ಪರಿಶೀಲನೆಗಳಿಂದ ಸಿದ್ಧವಾಗಿದೆ; ಸರಕಾರಿ ಆಸ್ಪತ್ರೆಗಳಲ್ಲಿ ಒಬ್ಬ ಹೆಂಗಸನ್ನು ಜೊತೆಗೆ ಬಿಡಲು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿಯೇ ಅನುಮತಿಯಿತ್ತಿದೆ. ತಾಯಿ ಊರಿನಿಂದ ಬಂದು ಸೇರುವುದು ತಡವಾದರೆ ತಾನೇ ಹೆತ್ತು ಅನುಭವವಿರುವ ನೆರೆಮನೆಯ ಮರಾಠಿ ಹೆಂಗಸೂ ಆಗಬಹುದು, ನಾದಿನಿಯೂ ಆಗಬಹುದು. ಮುಂದಿನ ತಪಾಸಣೆಗೆ ಹೋದಾಗ ಆಕೆಯನ್ನೂ ಕರೆದುಕೊಂಡು ಹೋಗಿ, ಒಳಗೆ ಬಿಡುವರೇ ಎಂದು ಅಲ್ಲಿಯ ಸಿಸ್ಟರನ್ನು ನೇರವಾಗಿ ಕೇಳಿಬಿಡಬೇಕು.